ನೆನಪಿನ ಯಂತ್ರವೂ ಗೃಹಪ್ರವೇಶದ ಹಸುವೂ

ನನ್ನ ಮರೆವಿನ ಬಗ್ಗೆ ನನಗೆ ಅಂಥ ಬೇಸರವೇನೂ ಇಲ್ಲ. ಕೊತ್ತಂಬರಿ ಸೊಪ್ಪು ತರಲು ಹೋಗಿ, ದಾರಿಯಲ್ಲಿ ಸಿಕ್ಕವರ ಜೊತೆ ಕಾಫಿ ಕುಡಿದು, ಅವರ ಮಗಳ ಮದುವೆಗೆ ಒಂದು ಛತ್ರವನ್ನೂ ಸೂಚಿಸಿ, ಪ್ರಸನ್ನಚಿತ್ತನಾಗಿ ಬರಿಗೈಯಲ್ಲಿ ಮನೆಗೆ ಬರುವವನಿಗೆ ಏನು ಬೇಸರ ಹೇಳಿ? ಬಾಗಿಲು ತೆಗೆದವರು ಮೊದಲು ಕೈ ನೋಡುತ್ತಾರಲ್ಲ, ತೊಂದರೆ ಶುರುವಾಗುವುದು ಅಲ್ಲಿಂದ.

ಇಂಥ ನನ್ನ ಕೈಗೆ ಒಂದು ನೆನಪಿನ ಯಂತ್ರ ಬಂತು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿದ್ದಿರಬೇಕು. ಬಿಟಿಎಂ ಲೇಔಟಿನ ನಮ್ಮ ಮನೆಯ ಮಹಡಿಯಲ್ಲಿ ಗದಗಿನ ಕಡೆಯ ಬಸವರಾಜ ಬಾಡಿಗೆಗಿದ್ದ. ಅವನ ಆಫೀಸಿನಲ್ಲಿ, ಅಂಗೈಯಗಲದ ಕಂಪ್ಯೂಟರಿನೊಳಗೆ ನೋಟ್ಸ್ ಬರೆದಿಟ್ಟುಕೊಳ್ಳುವ ಸಾಫ್ಟ್‌ವೇರ್ ತಯಾರಾಗುತ್ತಿತ್ತು. ಜನಕ್ಕೆ ಅದರಿಂದ ಏನು ಬೇಕು ಅಂತ ಕೇಳಿಕೊಂಡು ಬರುವ ಕೆಲಸ ಇವನ ತಲೆಗೆ ಬಿದ್ದಿತ್ತು. "ಅಂಕಲ್, ಒಂದು ತಿಂಗಳು ಇಟ್ಕೊಂಡು ನೋಡ್ರಿ. ಏನೇನು ಬೇಕನಸ್ತದ, ಹೇಳ್ರಿ" ಅಂತ ಒಂದನ್ನು ನನಗೂ ಕೊಟ್ಟ. ಜೊತೆಗೆ ಬರೆಯಲು ಹಲ್ಲುಕಡ್ಡಿಗಿಂತ ಚೂರು ದಪ್ಪನೆಯ ಒಂದು ಕಡ್ಡಿ.

ಬೀದಿಯಲ್ಲಿ ಅವನು ಆಗಲೇ ನಾಲ್ಕಾರು ಮನೆ ಹೊಕ್ಕು ಬಂದಿದ್ದ. ಎದುರುಮನೆ ಆಂಟಿಗೆ, ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಯಂತ್ರವೇ ಬರೆದುಕೊಳ್ಳಬೇಕಂತೆ. ಪಾರ್ಕಿನಲ್ಲಿ ವಾಕಿಂಗ್ ಮಾಡುವ ಅಂಕಲ್ಲೊಬ್ಬರಿಗೆ, ಎದುರಿಗೆ ನಗುತ್ತಾ ಬರುತ್ತಿರುವವರ ಹೆಸರನ್ನು ಅವರು ಹತ್ತಿರ ಬರುವಷ್ಟರಲ್ಲಿ ಕಿವಿಯಲ್ಲಿ ಹೇಳಿಬಿಡಬೇಕಂತೆ. ಕಾಲೇಜಿಗೆ ಹೋಗುವ ಹುಡುಗಿಗೆ, ತಾನು ಬರೆದದ್ದು ಅಮ್ಮನಿಗೆ ಕಾಣಬಾರದು. ಅವಳ ಅಮ್ಮನಿಗೆ, ಮಗಳು ಬರೆದದ್ದೆಲ್ಲ ಕಾಣಬೇಕು. ಬಸವರಾಜ ಪಾಪ, ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. ನಮ್ಮಜ್ಜ ಏನಾದರೂ ನೆನಪಿಡಬೇಕಾದರೆ ಪಂಚೆಯ ಅಂಚಿಗೆ ಒಂದು ಗಂಟು ಹಾಕಿಕೊಳ್ಳುತ್ತಿದ್ದರು. ಸಂಜೆ ಆ ಗಂಟನ್ನು ನೋಡಿ, ಇದು ಯಾತಕ್ಕೆ ಹಾಕಿದ್ದು ಅಂತ ಮನೆಯವರನ್ನೆಲ್ಲ ಕೂರಿಸಿ ವಿಚಾರಣೆ ನಡೆಸುತ್ತಿದ್ದರು. ಅಷ್ಟಾವಧಾನಿಗಳದು ಇನ್ನೂ ದೊಡ್ಡ ವಿದ್ಯೆ. ಪದ್ಯ ಕಟ್ಟುತ್ತಾ, ನಡುವೆ ಬಾಯಿ ಹಾಕುವ ಅಪ್ರಸ್ತುತ ಪ್ರಸಂಗಿಗೆ ಉತ್ತರ ಕೊಡುತ್ತಾ, ಆಗಾಗ ಬಾರಿಸಿದ ಗಂಟೆ ಎಷ್ಟು ಅಂತಲೂ ಲೆಕ್ಕ ಇಟ್ಟಿರುತ್ತಾರೆ. ಆ ಎಂಟರಲ್ಲಿ ನನಗೆ ಸಿದ್ಧಿಸಿರುವುದು ಅಪ್ರಸ್ತುತ ಪ್ರಸಂಗ ಒಂದೇ. ನೋಡಿ, ಹಸುವಿನ ವಿಷಯ ಹೇಳಬೇಕಾದವನು ಎಲ್ಲಿಗೋ ಹೋದೆ.

ನನ್ನ ಹೆಂಡತಿ ಶಾರದೆಯ ತವರು ತ್ಯಾಗರಾಜನಗರ. ಅವಳ ತಂಗಿಯ ಮದುವೆಯಲ್ಲಿ, ಬನಶಂಕರಿ ಬಸ್ ಸ್ಟ್ಯಾಂಡಿನಿಂದ ವಾಲಗದವರನ್ನು ಕರೆತರಲು ನನ್ನನ್ನು ಕಳಿಸಿದ್ದರು. ನಾನು ಹೋಗಿದ್ದೆ, ಬಸ್ ಸ್ಟ್ಯಾಂಡ್ ನೋಡಿದ್ದೆ, ಕ್ಷೇಮವಾಗಿ ಒಬ್ಬನೇ ವಾಪಸ್ ಬಂದಿದ್ದೆ. ಅಂದಿನಿಂದ ಆ ಮನೆಯಲ್ಲಿ ಏನೇ ನಡೆದರೂ ನಮ್ಮ ಮಾವನವರದು ಒಂದೇ ಮಾತು: "ಅಳಿಯಂದಿರಿಗೆ ಏನೂ ಹೇಳಬೇಡಿ, ಆರಾಮಾಗಿ ಊಟ ಮಾಡ್ಲಿ." ಉಪಚಾರದ ಮಾತೇ. ಆದರೆ ವರ್ಷಗಟ್ಟಲೆ ಕೇಳಿದರೆ ಹೋಳಿಗೆಯೂ ಗಂಟಲಲ್ಲಿ ಇಳಿಯುವುದಿಲ್ಲ. ನನಗಿಂತ ಹೆಚ್ಚು ಶಾರದೆಗೆ ಇಳಿಯುತ್ತಿರಲಿಲ್ಲ.

ಅದೇ ತಂಗಿ ಈಗ ವಸಂತಪುರದಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಹಸು ಕರು ಬೇಕಲ್ಲ, ಮೊದಲು ಅದು ಒಳಗೆ ಕಾಲಿಟ್ಟ ಮೇಲೆ ತಾನೇ ನಾವು? ಶಾರದೆ ತವರಿನವರ ಎದುರಿಗೆ, "ಹಸು ನಮ್ಮನೆಯವರು ತರ್ತಾರೆ" ಅಂದುಬಿಟ್ಟಳು. ಹಸು ಬಾರದಿದ್ದರೆ ಹೋಗುವುದು ನನ್ನ ಮಾನವಲ್ಲ, ಅದು ಎಂದೋ ಹೋಗಿತ್ತು. ಈ ಸಲ ಪಣಕ್ಕಿದ್ದದ್ದು ಅವಳ ಮಾತು.

ಬೇಗೂರಿನ ಮುನಿಯಪ್ಪನ ಕಸುಬೇ ಅದು. ಹಸುವಿಗೆ ಸ್ನಾನ ಮಾಡಿಸಿ, ಕೊಂಬಿಗೆ ಬಣ್ಣ ಹಚ್ಚಿ, ಕರು ಸಮೇತ ಟೆಂಪೋದಲ್ಲಿ ಹೊಸ ಮನೆಗಳಿಗೆ ಕರೆತರುತ್ತಿದ್ದ. ಹೋಗಿ ಮಾತಾಡಿದೆ. "ಆಯ್ತು ಸಾರ್, ಹಿಂದಿನ ದಿನ ಒಂದ್ಸಲ ನೆನಪು ಮಾಡ್ಬಿಡಿ" ಅಂದ. ಈ ಊರಿನಲ್ಲಿ ಪುರೋಹಿತರು, ಅಡುಗೆಯವರು, ಪ್ಲಂಬರ್, ಎಲ್ಲರೂ ಹೇಳುವುದು ಇದನ್ನೇ. ಯಾರೂ ಏನನ್ನೂ ಬರೆದುಕೊಳ್ಳುವುದಿಲ್ಲ. ಎಲ್ಲರ ನೆನಪಿನ ಭಾರವೂ ಉರುಳಿ ಉರುಳಿ ಬಂದು ನನ್ನಂಥವನ ಹೆಗಲ ಮೇಲೆ ಕೂರುತ್ತದೆ.

ಆದರೆ ಈಗ ನನ್ನ ಹತ್ತಿರ ಯಂತ್ರ ಇತ್ತು. ಕಡ್ಡಿ ಹಿಡಿದು ಕೂತೆ. ಹಸುವನ್ನು ಯಾವ ಫೋಲ್ಡರಿಗೆ ಹಾಕಬೇಕು? 'ಕುಟುಂಬ'ಕ್ಕೆ ಹಾಕಿದೆ, ಮಾವನವರ ಹೆಸರಿನ ಕೆಳಗೆ ಬಂತು, ಸರಿ ಕಾಣಲಿಲ್ಲ. 'ವಾಹನ'ಕ್ಕೆ ಹಾಕಿದೆ, ಸ್ಕೂಟರ್ ಸರ್ವೀಸಿನ ಪಕ್ಕ ನಿಂತಿತು. ಕೊನೆಗೆ ಹಸುವಿಗೇ ಒಂದು ಫೋಲ್ಡರ್ ಮಾಡಿ, ಅದರೊಳಗೆ ಕರುವಿಗೊಂದು ಮರಿ ಫೋಲ್ಡರ್ ಮಾಡಿದೆ. ಹಸಿರು ಬಣ್ಣ ಕೊಟ್ಟೆ, ಮೇಯಲು ಅನುಕೂಲವಾಗಲಿ ಅಂತ. ಹಿಂದಿನ ಸಂಜೆಗೆ 'ಮುನಿಯಪ್ಪ' ಅಂತ ಒಂದು ಅಲಾರಂ, ಮಾರನೆಯ ಬೆಳಿಗ್ಗೆ ಮುಹೂರ್ತಕ್ಕೆ ಸರಿಯಾಗಿ 'ಹಸು ಒಳಗೆ' ಅಂತ ಇನ್ನೊಂದು. ಇಡೀ ವಾರ ಅದನ್ನು ತೆಗೆದು ನೋಡುವುದೇ ಒಂದು ಸಂತೋಷವಾಗಿತ್ತು.

ಹಿಂದಿನ ಸಂಜೆ ಜಯನಗರ ಕಾಂಪ್ಲೆಕ್ಸಿನಲ್ಲಿ ಹೂವು ಕೊಳ್ಳುತ್ತಿದ್ದಾಗ ಯಂತ್ರ ಪ್ರಾಮಾಣಿಕವಾಗಿ ಕೂಗಿತು. ತೆಗೆದು ನೋಡಿದೆ. ಹೌದಲ್ಲ, ಮುನಿಯಪ್ಪ, ಅಂದುಕೊಂಡೆ. 'ಆಯಿತೇ?' ಅಂತ ಯಂತ್ರ ಕೇಳಿತು. ನೆನಪು ಆಯಿತಲ್ಲ, ಆಯಿತು ಅಂತ ಒತ್ತಿದೆ. ಟಿಣ್ ಅಂತ ಒಂದು ಟಿಕ್ ಮಾರ್ಕ್ ಬಂತು. ಅದರ ಚೆಂದಕ್ಕೆ ಮನಸ್ಸು ಎಷ್ಟು ಹಗುರಾಯಿತು ಅಂದರೆ, ಸೇವಂತಿಗೆಯನ್ನು ಇನ್ನೊಂದು ಮೊಳ ಜಾಸ್ತಿಯೇ ಕೊಂಡೆ.

ಬೆಳಿಗ್ಗೆ ವಸಂತಪುರದ ಹೊಸ ಹೊಸ್ತಿಲ ಮುಂದೆ ಎಲ್ಲರೂ ನಿಂತಿದ್ದೇವೆ. ನಾದಿನಿಯ ಕೈಯಲ್ಲಿ ಕಳಶ, ಮಾವನವರ ಹೆಗಲ ಮೇಲೆ ಹೊಸ ಶಲ್ಯ. ಪುರೋಹಿತರು ಪುಸ್ತಕ ಮುಚ್ಚಿ, "ಎಲ್ಲಿ, ಗೋವು ಬರಲಿ" ಅಂದರು. ಆಗ ಹೊಳೆಯಿತು ನೋಡಿ ನನಗೆ, ಆ ಟಿಕ್ ಮಾರ್ಕನ್ನು ಮುನಿಯಪ್ಪ ಕಂಡಿಲ್ಲ ಅಂತ. ಮಾವನವರು ನನ್ನ ಕಡೆ ತಿರುಗಿದರು. ನಾನು ಶಾರದೆಯ ಕಡೆ ನೋಡಲಾರದೆ ಬಾಳೆಕಂದನ್ನು ನೋಡುತ್ತಾ ನಿಂತೆ.

ತಿರುವಿನಲ್ಲಿ ಗಂಟೆ ಸದ್ದು. ಮುನಿಯಪ್ಪನ ಟೆಂಪೋ, ಟೆಂಪೋದಲ್ಲಿ ಹಸು, ಹಸುವಿನ ಪಕ್ಕ ಕರು. ನಾನು ಬಿಟ್ಟ ಬಾಯಿ ಬಿಟ್ಟ ಹಾಗೇ ಇದ್ದೆ. ಶಾರದೆ ಪಕ್ಕಕ್ಕೆ ಬಂದು, ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮೆಲ್ಲಗೆ ಅಂದಳು: "ನಿನ್ನೆ ನಾನೇ ಫೋನ್ ಮಾಡ್ದೆ. ನೀವು ಮರೀತೀರ ಅನ್ನೋದು ನನಗೆ ನೆನಪಿತ್ತು."

ಹಸು ಗಂಭೀರವಾಗಿ ಹೊಸ್ತಿಲು ದಾಟಿ ನಡುಮನೆಯಲ್ಲಿ ನಿಂತಿತು. ಅದೇ ಕ್ಷಣಕ್ಕೆ ನನ್ನ ಜೇಬಿನಲ್ಲಿ 'ಹಸು ಒಳಗೆ' ಅಲಾರಂ ಕಿರುಚಿಕೊಂಡಿತು. ಹಸು ಬೆಚ್ಚಿ ಬಿದ್ದು, ಫಳಫಳ ಹೊಳೆಯುವ ಟೈಲ್ಸಿನ ಮೇಲೆ ಧಾರಾಳವಾಗಿ ಸಗಣಿ ಹಾಕಿತು. ಗೃಹಪ್ರವೇಶದ ಹಸು ಒಳಗೆ ಸಗಣಿ ಹಾಕುವುದಕ್ಕಿಂತ ದೊಡ್ಡ ಶುಭ ಉಂಟೆ? ಪುರೋಹಿತರು ಕೈ ಮುಗಿದರು. ಮಾವನವರ ಮುಖ ಅರಳಿ, "ಇಷ್ಟು ಲಕ್ಷಣವಾದ ಹಸೂನ ಎಲ್ಲಿ ಹುಡುಕಿದ್ರಿ ಅಳಿಯಂದಿರೇ?" ಅಂದರು. ನಾನು ತಡವರಿಸುತ್ತಿದ್ದಾಗ ಶಾರದೆಯೇ ಹೇಳಿದಳು: "ಒಂದು ವಾರದಿಂದ ಇವರಿಗೆ ಅದೇ ಧ್ಯಾನ ಅಪ್ಪ. ಬೇರೆ ಮಾತೇ ಇಲ್ಲ." ಒಂದಕ್ಷರವೂ ಸುಳ್ಳಲ್ಲ. ಆ ಮಧ್ಯಾಹ್ನ ಹೋಳಿಗೆ ಸಲೀಸಾಗಿ ಇಳಿಯಿತು, ಪಕ್ಕದಲ್ಲಿ ಕೂತಿದ್ದ ಅವಳಿಗೂ ಇಳಿಯಿತು.

ತಿಂಗಳಾದ ಮೇಲೆ ಯಂತ್ರ ವಾಪಸ್ ಕೊಡಲು ಮಹಡಿ ಹತ್ತಿದೆ. "ಏನು ಬೇಕನಿಸ್ತು ಹೇಳ್ರಿ ಅಂಕಲ್" ಅಂತ ಬಸವರಾಜ ಪೆನ್ನು ತೆಗೆದ. ಹೇಳಿದೆ. ಫೋಲ್ಡರ್, ಬಣ್ಣ ಎಲ್ಲಾ ಸಖತ್ತಾಗಿದೆ ಮಗು. ಆದರೆ ನೆನಪಿಟ್ಟುಕೊಂಡರಷ್ಟೇ ಸಾಲದು. ನಾನು ಮರೆತದ್ದನ್ನು ಸದ್ದಿಲ್ಲದೆ ಮಾಡಿ ಮುಗಿಸಿ, ನಾನು ಮರೆತಿದ್ದೆ ಅನ್ನುವುದನ್ನು ನಾಲ್ಕು ಜನರ ಎದುರಿಗೆ ತಾನೂ ಮರೆತ ಹಾಗೆ ಇರಬೇಕು. ಅವನು ಅರ್ಧ ಬರೆದವನು ಪೆನ್ನು ಕೆಳಗಿಟ್ಟ. "ಅಂಥಾದ್ದು ಮಾಡೋದು ನಮ್ಮ ಕೈಲೆ ಆಗಂಗಿಲ್ರಿ" ಅಂದ.

ಕೆಳಗಿಳಿದು ಬಂದ ಮೇಲೆ, ಯಂತ್ರದ ಚಾರ್ಜರ್ ಕೊಡಲೇ ಇಲ್ಲ ಅಂತ ಹೊಳೆಯಿತು. ಮನೆಯೆಲ್ಲ ಹುಡುಕಿದೆ, ಸಿಗಲಿಲ್ಲ. ಆಮೇಲೆ ಬಸವರಾಜನನ್ನು ಕೇಳಿದರೆ, ಬೆಳಿಗ್ಗೆಯೇ ಶಾರದಾ ಆಂಟಿ ತಂದುಕೊಟ್ಟು ಹೋದರಲ್ಲ ಅಂದ. ಶಾರದೆ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಿದ್ದಳು. ಆ ವಿಷಯ ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ.