ಮೂವತ್ತೊಂದು ವರ್ಷದ ಸೇತುವೆ

ನಮ್ಮ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವರು ಪಟ್ಟಿ ಮೇಡಂ. ನಗರದ ಎರಡು ಸಾವಿರ ಚಿಲ್ಲರೆ ಸೇತುವೆ, ಮೋರಿಗಳ ವಯಸ್ಸು, ತುಕ್ಕು, ಬಿರುಕು, ಜನರ ಓಡಾಟ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ, ಅಂಕ ಕೊಟ್ಟು, ಯಾವುದನ್ನು ಮೊದಲು ರಿಪೇರಿ ಮಾಡಬೇಕು ಎಂಬ ಪಟ್ಟಿ ತೆಗೆಯುವುದು ಅವರ ಕೆಲಸ. ಹತ್ತೊಂಬತ್ತು ವರ್ಷ ಅದನ್ನೇ ಮಾಡಿದ್ದರು. ಮೂರನೇ ಮಹಡಿಯ ಮೂಲೆಯ ಕೋಣೆ, ಒಂದು ಕಾಲು ಕುಂಟುವ ಮೇಜು, ಪಕ್ಕದ ಮೇಜಿನಲ್ಲಿ ನಾನು. ಮಗನಿಗೆ ಹೆಣ್ಣು ನೋಡುವಾಗಲೂ ಅಂಕ ಹಾಕಿರಬೇಕು ಎಂದು ರೇಗಿಸಿದರೆ, ಈಗ ಸೊಸೆ ಬಂದು ತಮಗೇ ಅಂಕ ಹಾಕುತ್ತಿದ್ದಾಳೆ ಎಂದು ನಗುತ್ತಿದ್ದರು.

ಒಂದು ವರ್ಷ ಪಟ್ಟಿಗೆ ಹೊಸದಾಗಿ ಸೇರಿಸಬೇಕಾದ ಮುನ್ನೂರು ಸೇತುವೆಗಳ ವಯಸ್ಸು ಸಿಗಲಿಲ್ಲ. ಹಳೆಯ ಕಡತಗಳು ಗೆದ್ದಲಿನ ಪಾಲಾಗಿದ್ದವು. ವಯಸ್ಸಿನ ಜಾಗ ಖಾಲಿಯಿದ್ದರೆ ಕಂಪ್ಯೂಟರು ಅಂಕವನ್ನೇ ಕೊಡುವುದಿಲ್ಲ. ಮೇಲಿನವರೋ, ನಾಲ್ಕು ದಿನದಲ್ಲಿ ಪಟ್ಟಿ ಬೇಕೆಂದು ಕುತ್ತಿಗೆಯ ಮೇಲೆ ಕೂತಿದ್ದರು. ನಮ್ಮ ವೃತ್ತಿಯಲ್ಲಿ ಎಲ್ಲರೂ ಮಾಡುವುದನ್ನೇ ಮೇಡಂ ಮಾಡಿದರು: ಉಳಿದ ಸೇತುವೆಗಳ ಸರಾಸರಿ ವಯಸ್ಸು ಮೂವತ್ತೊಂದು ಬಂದಿತ್ತು, ಆ ಮುನ್ನೂರಕ್ಕೂ ಅದನ್ನೇ ತುಂಬಿದರು. ಹಾಗಾಗಿ ಕಾಲುವೆಯ ಮೇಲಿದ್ದ, ಜನ ನಡೆದು ದಾಟುವ ಒಂದು ಕಬ್ಬಿಣದ ಸೇತುವೆಗೆ ಆರುನೂರ ನಲವತ್ತನೇ ಸ್ಥಾನ ಸಿಕ್ಕಿತು. ಆ ವರ್ಷ ರಿಪೇರಿಯಾದದ್ದು ಪಟ್ಟಿಯ ಮೊದಲ ನಲವತ್ತು ಮಾತ್ರ.

ಹನ್ನೊಂದು ತಿಂಗಳ ನಂತರ, ಬೆಳಗ್ಗೆ ಏಳು ಗಂಟೆಗೆ, ಅದು ಕುಸಿಯಿತು. ಆಸ್ಪತ್ರೆಯ ಅಡುಗೆಮನೆಗೆ ಕೆಲಸಕ್ಕೆ ಹೊರಟಿದ್ದ ಹೆಂಗಸೊಬ್ಬರು ಸತ್ತರು.

ವಿಚಾರಣೆಯವರು ತುಕ್ಕಿನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಂಡರು. ತುಕ್ಕಿಗೆ ಬಡ್ತಿ ತಪ್ಪುವ ಭಯವಿಲ್ಲ, ಎದುರು ಮಾತಾಡಲೂ ಬಾಯಿಲ್ಲ, ಪಾಪ. ಮೂವತ್ತೊಂದರ ಬಗ್ಗೆ ಯಾರೂ ಕೇಳಲಿಲ್ಲ. ಮೇಡಂ ತಾವಾಗಿಯೇ ಬರೆದುಕೊಟ್ಟ ಹೇಳಿಕೆಯನ್ನು ಮುಖ್ಯ ಇಂಜಿನಿಯರರು ಡ್ರಾಯರಿಗೆ ಸೇರಿಸಿ, ಎಲ್ಲ ಕಡೆ ಹೀಗೇ ಮಾಡುತ್ತಾರೆ, ತಲೆ ಕೆಡಿಸಿಕೊಳ್ಳಬೇಡಿ ಎಂದರಂತೆ. ಕೇಳಿ ನನಗೆ ಮೈಯೆಲ್ಲ ಉರಿಯಿತು. ಮೇಡಂ ಮಾತ್ರ ಒಂದೇ ಒಂದು ಆಸೆಗೆ ಜೋತುಬಿದ್ದಿದ್ದರು. ಆ ಸೇತುವೆಗೆ ನಿಜವಾಗಿಯೂ ಮೂವತ್ತರ ಆಸುಪಾಸು ವಯಸ್ಸಾಗಿದ್ದರೆ, ತಮ್ಮ ಅಂದಾಜಿನಿಂದ ಆ ಜೀವ ಹೋದದ್ದಲ್ಲ. ಆದರೆ ಅದನ್ನು ಹೇಳಬೇಕಾದ ಕಡತವೇ ಇರಲಿಲ್ಲ. ಇವಳಿಗೆ ಎರಡು ತುತ್ತು ಅನ್ನವೂ ಸೇರುತ್ತಿಲ್ಲ ಎಂದು ಅವರ ಯಜಮಾನರು ನನಗೆ ಫೋನ್ ಮಾಡಿದರು.

ಒಂದು ಭಾನುವಾರ ಸತ್ತವರ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕೆಂದು ಮೇಡಂ ಹೊರಟರು. ಒಬ್ಬರನ್ನೇ ಕಳಿಸಲು ಮನಸ್ಸು ಬಾರದೆ ನಾನೂ ಹೋದೆ. ಆಕೆಯ ಗಂಡ ಗಡಿಯಾರ ರಿಪೇರಿಯವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೂರಲು ಹೇಳಿದರೂ ಕೂರದೆ ಮೇಡಂ ಎಲ್ಲವನ್ನೂ ಹೇಳಿದರು. ಸೇತುವೆಯ ವಯಸ್ಸು ಗೊತ್ತಿರಲಿಲ್ಲ, ಗೊತ್ತಿಲ್ಲ ಅನ್ನುವ ಬದಲು ಮೂವತ್ತೊಂದು ಎಂದು ಬರೆದೆ ಎಂದರು. ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆದಿಟ್ಟರು.

“ಒಂದು ಮಾತು ಕೇಳ್ಬಹುದಿತ್ತಲ್ಲಮ್ಮ” ಎಂದರು. “ನನ್ನ ಹೆಂಡತಿ ಹುಟ್ಟಿದ ವಾರಾನೇ ಆ ಸೇತುವೆ ಮೇಲೆ ಜನ ಓಡಾಡೋಕೆ ಶುರು ಮಾಡಿದ್ದು. ಈ ಬೀದೀಲಿ ಯಾರನ್ನ ಕೇಳಿದ್ರೂ ಹೇಳ್ತಿದ್ರು. ಇಬ್ರಿಗೂ ಐವತ್ತೇಳು.”

ಮರುದಿನ ಬೆಳಗ್ಗೆ ಮೇಡಂ ಆ ಹಳೆಯ ಪಟ್ಟಿಯನ್ನು ತೆರೆಸಿ, ವಯಸ್ಸು ತಿದ್ದಲು ನನಗೇ ಹೇಳಿದರು. ಮೂವತ್ತೊಂದನ್ನು ಅಳಿಸಿ, ಪಟ್ಟಿ ಮಾಡಿದಾಗ ಇದ್ದ ನಿಜವಾದ ವಯಸ್ಸು ಐವತ್ತಾರನ್ನು ಹಾಕಿದೆ. ಆರುನೂರ ನಲವತ್ತು ಹೋಗಿ ಹದಿನೇಳು ಬಂತು. ಏನಾದರೂ ಸುಳ್ಳು ಹೇಳಿಬಿಡೋಣ ಎಂದುಕೊಂಡೆ, ಆದರೆ ಅವರು ಪರದೆಯನ್ನೇ ನೋಡುತ್ತಿದ್ದರು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನನಗೂ ತಡೆಯಲಾಗಲಿಲ್ಲ.

ನಿವೃತ್ತಿಗೆ ಉಳಿದಿದ್ದ ಮೂರು ವರ್ಷ ಅವರು ಕುರ್ಚಿಯಲ್ಲಿ ಕೂತದ್ದೇ ಕಡಿಮೆ. ಮಂಡಿನೋವಿನಲ್ಲೂ ಬಾಕಿ ಸೇತುವೆಗಳ ಅಕ್ಕಪಕ್ಕ ಅಲೆದು, ಅಂಗಡಿಯವರನ್ನು, ಬಾಗಿಲಲ್ಲಿ ಕೂತ ಅಜ್ಜಿಯರನ್ನು ಕೇಳಿ ಕೇಳಿ, ಒಂದೊಂದೇ ವಯಸ್ಸು ಬರೆದುಕೊಂಡು ಬಂದರು. ಬೀಳ್ಕೊಡುಗೆಯ ದಿನ ಮುಖ್ಯ ಇಂಜಿನಿಯರರು, ಪಟ್ಟಿಯಲ್ಲಿ ಈಗ ಒಂದೇ ಒಂದು ಜಾಗವೂ ಖಾಲಿಯಿಲ್ಲ ಎಂದು ಹೊಗಳಿ ಚಪ್ಪಾಳೆ ಹೊಡೆಸಿದರು. ಎರಡು ಮಾತಾಡಿ ಎಂದಾಗ ಮೇಡಂ ಎದ್ದು ನಿಂತರು.

“ಒಂದನ್ನ ತುಂಬೋದು ತಡ ಆಯ್ತು” ಎಂದು ಹೇಳಿ ಕೂತುಬಿಟ್ಟರು.