ಅಂಗಳದಲ್ಲಿ ಸುಣ್ಣದ ನಕ್ಷೆ ಬರೆಸಿದ ಮೇಸ್ತ್ರಿ

ಮೇಸ್ತ್ರಿಯವರ ಹಿಮ್ಮಡಿಯ ಬಿರುಕುಗಳಲ್ಲಿ ಕೆಂಪುಕಲ್ಲಿನ ಪುಡಿ ಕೂತುಬಿಟ್ಟಿತ್ತು. ಎಷ್ಟು ಉಜ್ಜಿ ಮಿಂದರೂ ಅದು ಹೋಗುತ್ತಿರಲಿಲ್ಲ. ಅವರು ಪಂಚಾಯತು ಕಚೇರಿಗೆ ಬಂದುಹೋದರೆ ಸಿಮೆಂಟು ನೆಲದ ಮೇಲೆ ಕೆಂಪು ಹೆಜ್ಜೆಗಳು ಉಳಿಯುತ್ತಿದ್ದವು, ಜವಾನ ಗೊಣಗುತ್ತಾ ಒರೆಸುತ್ತಿದ್ದ. ಅವರಿಗೆ ಸ್ವಂತದ್ದೊಂದು ಕಲ್ಲಿನ ಕೋರೆ ಇತ್ತು. ಯಜಮಾನರಾದರೂ ಆಳುಗಳ ಜೊತೆ ತಾವೂ ಕಲ್ಲು ಕಡಿಯುತ್ತಿದ್ದರು. ನಮ್ಮ ಪಂಚಾಯತಿನ ಸದಸ್ಯರೂ ಆಗಿದ್ದರು. ನಾನು ಅಲ್ಲಿನ ಶಾಲೆಯ ಡ್ರಾಯಿಂಗ್ ಮಾಸ್ಟ್ರು.

ಅರವತ್ತರ ದಶಕದ ಆರಂಭದ ಮಾತು ಇದು. ಮೂಡುಬಿದಿರೆ ಕಡೆಯ ನಮ್ಮ ಪಂಚಾಯತು, ಬಂಟ್ವಾಳ ಕಡೆಯದೊಂದು, ಬೆಳ್ತಂಗಡಿ ಕಡೆಯದೊಂದು, ಹೀಗೆ ಮೂರರ ಗಡಿ ಒಂದೇ ಕಡೆ ಸೇರುತ್ತಿತ್ತು. ಊರವರೊಡನೆ ಮೇಸ್ತ್ರಿಯವರದು ತುಳು. ನನ್ನೊಡನೆ ಮಾತ್ರ, ಶಾಲೆಯವನೆಂಬ ಮರ್ಯಾದೆಗೆ, ನಿಧಾನವಾಗಿ ಕನ್ನಡ. ಯಾವ ಜಾಗದ ವಿಷಯ ಎತ್ತಿದರೂ ಅವರದು ಒಂದೇ ಉತ್ತರ: “ನಡೆದು ನೋಡುವ.” ನಡೆಯುವಾಗ ಅಲ್ಲಲ್ಲಿ ನಿಂತು ಪಿಕ್ಕಾಸಿನ ಹಿಡಿಯಿಂದ ನೆಲಕ್ಕೆ ಕುಟ್ಟಿ ಕಿವಿಗೊಡುತ್ತಿದ್ದರು. ಕೇಳಿದ್ದೇನೆಂದು ಹೇಳುತ್ತಿರಲಿಲ್ಲ. ನನಗದು ಸ್ವಲ್ಪ ಜಂಭವಾಗಿ ಕಾಣುತ್ತಿತ್ತು.

ಆ ವರ್ಷ ಸಂತೆಯ ಕಸ, ಮೀನಿನ ತ್ಯಾಜ್ಯ, ಹಂಚಿನ ಕಾರ್ಖಾನೆಯ ಒಡಕು ಎಲ್ಲ ಸೇರಿ ಊರು ನಾರತೊಡಗಿತ್ತು. ಕಸ ಹಾಕಲು ಜಾಗ ಗುರುತಿಸಿ ನಕ್ಷೆ ಬರೆದುಕೊಡಿ ಎಂದು ಅಧ್ಯಕ್ಷರು ನನಗೆ ಹೇಳಿದರು. ಬಣ್ಣದ ಪೆನ್ಸಿಲಿನಲ್ಲಿ ನಾಲ್ಕು ದಿನ ಕೂತು ಬರೆದೆ. ಯಾರಿಗೂ ತೊಂದರೆಯಾಗದಿರಲಿ ಎಂದು ತೀರ ಮೂಲೆಯಲ್ಲಿ, ಗಡಿಗೆ ತಾಗಿ ಗುರುತು ಹಾಕಿದೆ. ಸಭೆಯಲ್ಲಿ ಎಲ್ಲರಿಗೂ ಖುಷಿ. ಮೇಸ್ತ್ರಿಯವರು ಮಾತ್ರ ಗಡಿಯಾಚೆ ನಾನು ಖಾಲಿ ಬಿಟ್ಟಿದ್ದ ಜಾಗಕ್ಕೆ ಬೆರಳಿಟ್ಟು ಹೇಳಿದರು:

“ಮಾಸ್ಟ್ರೇ, ಈ ಬಿಳಿ ಇದ್ದಲ್ಲಿ ನನ್ನ ತಂಗಿಯ ಮನೆ ಉಂಟು. ಬಾವಿಯೂ ಉಂಟು. ಹದಿನೇಳು ಮನೆಯವರು ಅದರ ನೀರು ಕುಡೀತಾರೆ.”

ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಅದು ಬೆಳ್ತಂಗಡಿ ಕಡೆಯವರ ಪಂಚಾಯತಲ್ಲವೇ ಎಂದೆ. ಅವರು ಮರುದಿನದಿಂದ ಉಳಿದೆರಡು ಪಂಚಾಯತುಗಳಿಗೆ ನಡೆದರು. ಅವರಲ್ಲೂ ಕಸದ ನಕ್ಷೆ ತಯಾರಾಗಿತ್ತು. ಮೂವರೂ ಕೂತು ಮಾತಾಡುವ ಎಂದರೆ ತಕರಾರು ಶುರು: ಯಾರ ಕಚೇರಿಗೆ ಯಾರು ಹೋಗುವುದು? ಹೋದವರು ಸಣ್ಣವರಾದಂತೆ. ಕೊನೆಗೆ ಮೇಸ್ತ್ರಿಯವರು ಮೂವರು ಅಧ್ಯಕ್ಷರನ್ನೂ, ಜೊತೆಗೆ ನನ್ನನ್ನೂ, ತಂಗಿಯ ಮನೆಗೆ ಚಹಾಕ್ಕೆ ಕರೆದರು. ಚಹಾಕ್ಕೆ ಕರೆದರೆ ಬರುವುದಿಲ್ಲ ಎನ್ನುವಷ್ಟು ದೊಡ್ಡಸ್ತಿಕೆ ನಮ್ಮ ಕಡೆ ಯಾರಿಗೂ ಇರಲಿಲ್ಲ.

ಆ ಬೆಳಿಗ್ಗೆಯನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಮೂರು ನಕ್ಷೆಗಳ ಅಳತೆ ಬೇರೆ ಬೇರೆ, ಜೋಡಿಸಿದರೆ ಹೊಂದುತ್ತಿರಲಿಲ್ಲ. ಸುಣ್ಣದ ಬಾಲ್ದಿ, ಬ್ರಶ್ಶು ನನ್ನ ಕೈಗೆ ಕೊಟ್ಟು, ಅಂಗಳದಲ್ಲೇ ಬರೆಯಿರಿ ಎಂದರು ಮೇಸ್ತ್ರಿ. ಪಂಚೆ ಎತ್ತಿ ಕಟ್ಟಿ ಶುರುಮಾಡಿದೆ. ಗುಡ್ಡೆ, ನೀರು ಹರಿಯುವ ತೋಡು, ಗಾಡಿದಾರಿ ಎಲ್ಲ ಬಂದವು. ಅಧ್ಯಕ್ಷರುಗಳು ಚಹಾದ ಲೋಟ ಹಿಡಿದೇ ಎದ್ದು ಬಂದು, ತೋಡು ಇಲ್ಲಿ ತಿರುಗುತ್ತದೆ, ಗದ್ದೆ ಇನ್ನೂ ಆಚೆ ಎಂದು ಪೈಪೋಟಿಯಲ್ಲಿ ತಿದ್ದತೊಡಗಿದರು. ನಾನು ಇಡೀ ಸೀಮೆಯನ್ನು ಒಟ್ಟಿಗೆ ಕಂಡದ್ದು ಅದೇ ಮೊದಲು.  ಕೊನೆಗೆ ಮೂರು ಕಸದ ಗುರುತುಗಳನ್ನು ಹಾಕಿದೆ. ಉಳಿದೆರಡು ಕಡೆಯವರೂ ನನ್ನಂತೆಯೇ ಯೋಚಿಸಿ ತಂತಮ್ಮ ಮೂಲೆ ಹಿಡಿದಿದ್ದರು. ನಾವು ನಿಂತಿದ್ದ ಅಂಗಳದ ಬಾವಿಯ ಸುತ್ತ ಮೂರು ಕಸದ ರಾಶಿ ಬಂದು ಕೂತಿತ್ತು. ಬಂಟ್ವಾಳ ಕಡೆಯ ಅಧ್ಯಕ್ಷರು ನಕ್ಕೇಬಿಟ್ಟರು. ಆಮೇಲೆ ಎಲ್ಲರೂ ಕೈಯಲ್ಲಿದ್ದ ಲೋಟ ನೋಡಿಕೊಂಡರು. ಕುಡಿದದ್ದು ಅದೇ ಬಾವಿಯ ನೀರಿನ ಚಹಾ.

ಮಧ್ಯಾಹ್ನದೊಳಗೆ ತೀರ್ಮಾನವಾಯಿತು. ಮೂರೂ ಊರಿನ ಕಸ ಬಂಟ್ವಾಳ ಕಡೆಯ ಒಂದು ಬರಿದಾದ ಕೋರೆಗೆ, ಯಾಕೆಂದರೆ ಅದರ ತಳದಲ್ಲಿ ನೀರು ಇಳಿಯದ ಜೇಡಿಮಣ್ಣು. ಅದಕ್ಕೆ ಪ್ರತಿಯಾಗಿ ಅವರ ರಸ್ತೆಗೆ ಬೇಕಾದ ಕಲ್ಲು ಬೆಳ್ತಂಗಡಿ ಕಡೆಯ ಗುಡ್ಡೆಯಿಂದ. ಇನ್ನು ನಮ್ಮ ಕಡೆಯ ಗುಡ್ಡೆ. ಬಾವಿಯ ಒರತೆ ಹುಟ್ಟುವುದು ಅದರಡಿಯಲ್ಲಿ, ಅದನ್ನು ಇನ್ನು ಯಾರೂ ಕಡಿಯಬಾರದು ಎಂದು ಮೇಸ್ತ್ರಿಯವರೇ ಹೇಳಿದರು.  ನಮ್ಮ ಅಧ್ಯಕ್ಷರು ಮೆಲ್ಲನೆ, ಅಲ್ಲಿರುವುದು ನಿಮ್ಮದೊಂದೇ ಕೋರೆಯಲ್ಲವೇ ಎಂದರು.

“ಹೌದು, ನನ್ನದೇ. ಅದನ್ನು ಮೊದಲು ಬರೆಯಿರಿ. ಇಲ್ಲದಿದ್ದರೆ ನಾಳೆ ನನಗೇ ಮನಸ್ಸು ತಿರುಗ್ತದೆ.”

ಅವರಿಗೆ ಮದುವೆಯ ವಯಸ್ಸಿಗೆ ಬಂದ ಇಬ್ಬರು ಹೆಣ್ಣುಮಕ್ಕಳಿದ್ದರು, ಬೇರೆ ಆದಾಯವಿರಲಿಲ್ಲ. ನೆಲಕ್ಕೆ ಕುಟ್ಟಿ ಅವರು ಕೇಳುತ್ತಿದ್ದದ್ದು ಅಡಿಯ ನೀರನ್ನು ಎಂದು ನನಗೆ ಆಗ ತಿಳಿಯಿತು. ಬ್ರಶ್ಶು ಎತ್ತಲಾಗಲಿಲ್ಲ. ಅವರೇ ಸುಣ್ಣದಲ್ಲಿ ಕೈ ಅದ್ದಿ ತಮ್ಮ ಕೋರೆಯ ಮೇಲೆ ಅಡ್ಡಗೆರೆ ಎಳೆದರು.

ಮೂರು ಪಂಚಾಯತುಗಳು ಹೀಗೆ ಒಟ್ಟಾಗಿ ತೀರ್ಮಾನಿಸಲು ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಮೇಲಿನ ಕಚೇರಿಯಿಂದ ಕಾಗದ ಬಂತು. ಅದು ಬರುವಷ್ಟರಲ್ಲಿ ಕಸದ ಗಾಡಿಗಳು ಒಂದು ವರ್ಷ ಓಡಿಯಾಗಿತ್ತು. ಕಾಗದಕ್ಕೆ ಯಾರೂ ಉತ್ತರ ಬರೆಯಲಿಲ್ಲ. ಆಮೇಲೆ ಬಂದ ಅಧಿಕಾರಿಯೊಬ್ಬರು ನಾನು ಕಾಗದಕ್ಕಿಳಿಸಿದ್ದ ಆ ಅಂಗಳದ ನಕ್ಷೆ ನೋಡಿ ನನ್ನ ಬೆನ್ನು ತಟ್ಟಿದರು. ನಾನು ಬೆನ್ನು ಕೊಟ್ಟು ನಿಂತೆ, ಮೇಸ್ತ್ರಿಯವರ ಹೆಸರು ಹೇಳಲಿಲ್ಲ. ಆ ಹೊತ್ತಿಗೆ ಅವರು ಬೆಳ್ತಂಗಡಿ ಕಡೆಯ ಗುಡ್ಡೆಯಲ್ಲಿ, ಬೇರೆಯವರ ಕೋರೆಯಲ್ಲಿ ಕೂಲಿಗೆ ಕಲ್ಲು ಕಡಿಯುತ್ತಿದ್ದರು.

ನಾಲ್ಕೈದು ವರ್ಷಗಳ ಬಳಿಕ, ಒಂದು ಬೇಸಿಗೆಯಲ್ಲಿ ಅವರು ತೀರಿಕೊಂಡರು. ತಂಗಿಯನ್ನು ಮಾತಾಡಿಸಲು ಹೋದೆ. ಅಧಿಕಾರಿಯ ಮುಂದೆ ಬಾಯಿ ಬಿಡದಿದ್ದದ್ದನ್ನು ಅವರೆದುರು ಹೇಳಿಕೊಂಡೆ. ಅದಕ್ಕವರು ಬಾವಿಯ ಮಾತೆತ್ತಿದರು. ಅಣ್ಣ ಪ್ರತಿವರ್ಷ ಬೇಸಿಗೆಯ ಕೊನೆಗೆ ಬಂದು, ಬಾವಿಗೆ ಹಗ್ಗ ಇಳಿಸಿ ನೀರು ಅಳೆದು, ನಗುತ್ತಾ ಹೋಗುತ್ತಿದ್ದರಂತೆ.

“ಈ ವರ್ಷ ಅಳೆಯಲಿಕ್ಕೆ ಜನ ಇಲ್ಲ, ಮಾಸ್ಟ್ರೇ,” ಎಂದು ಹಗ್ಗವನ್ನು ನನ್ನ ಕೈಗೆ ಕೊಟ್ಟರು.

ಇಳಿಸಿದೆ. ಎತ್ತಿದಾಗ ಎರಡಾಳುದ್ದ ಹಗ್ಗ ಒದ್ದೆಯಾಗಿತ್ತು. ಅಲ್ಲಿಂದೀಚೆಗೆ ಒಂದು ಬೇಸಿಗೆಯೂ ತಪ್ಪಿಸಿಲ್ಲ.