ತತ್ತಿ ಒಳಗೆ ಬಾರದ ಮನೆಯ ಈಸ್ಟರ್

ಶಹಾಪುರದ ನಮ್ಮ ಮನೆಯ ಹೊಸ್ತಿಲನ್ನು ಕೋಳಿತತ್ತಿ ಇದುವರೆಗೆ ದಾಟಿಲ್ಲ. ಹೀಗಿರುವಾಗ ಮೊಮ್ಮಗಳ ಶಾಲೆಯ ಸಿಸ್ಟರು, ಈಸ್ಟರಿಗೆ ಪ್ರತಿ ಮಗುವೂ ಆರು ತತ್ತಿಗೆ ಬಣ್ಣ ಹಚ್ಚಿ ಗೂಡಿನಲ್ಲಿಟ್ಟು ತರಬೇಕೆಂದು ಹೇಳಿ ಕಳಿಸಿದರು. ಏನನ್ನೂ ಕೊಳ್ಳಕೂಡದು, ಮನೆಯವರೇ ಕೂಡಿ ಮಾಡಬೇಕು. ಹೋದ ವರ್ಷ ಬರಿಗೈಲಿ ಹೋದ ಈಕೆಯನ್ನು ಕೆ.ಜಿ. ಮಕ್ಕಳ ಜೊತೆ ಚಾಪೆಯ ಮೇಲೆ ಕೂರಿಸಿದ್ದರಂತೆ. ಮೂರನೇ ಕ್ಲಾಸಿನವಳಿಗೆ ಇದು ಸಣ್ಣ ಅಪಮಾನವಲ್ಲ.

ಪಡಸಾಲೆಯಲ್ಲಿ ಸಭೆ ಸೇರಿತು.

"ಬರೇ ಸಿಪ್ಪಿ ತಂದ್ರ ಹೆಂಗ?" ಎಂದು ಮಗ ಕೇಳಿದ.

"ಸಿಪ್ಪಿ ಏನ್ ಗಿಡದಾಗ ಬಿಡತದೇನೋ?" ಎಂದಳು ನನ್ನ ಹೆಂಡತಿ. ಆ ವಿಷಯ ಅಲ್ಲಿಗೆ ಮುಗಿಯಿತು.

ಮಣ್ಣಿನವು ಮಾಡುವುದೆಂದು ಅವಳೇ ತೀರ್ಪಿತ್ತಳು. ಪ್ರತಿ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ಜೋಡಿ ಎತ್ತು ಮಾಡುವ ಕೈ ಅವಳದು. ಸಗರದ ನಮ್ಮ ಹೊಲದಿಂದ ನಾನು ಕಪ್ಪು ಯರಿ ಮಣ್ಣು ತಂದೆ. ಬಿಸಿಲಿಗೆ ಬಿರಿಯದಂತೆ ಹತ್ತಿ ಬೆರೆಸಿ ನಾದಿದೆವು. ಅಭ್ಯಾಸಬಲದಿಂದ ಮೊದಲೆರಡು ತತ್ತಿಗೆ ಎತ್ತಿನ ಡುಬ್ಬ ಮೂಡಿತು.

"ಆಯಿ, ತತ್ತಿಗೆ ಡುಬ್ಬ ಇರಂಗಿಲ್ಲ," ಎಂದಳು ಮೊಮ್ಮಗಳು.

"ನೀ ಎಷ್ಟ್ ತತ್ತಿ ನೋಡೀದಿ, ಹೇಳು."

ಈ ಬಗ್ಗೆ ಅನುಭವವಿದ್ದ ನಾನೂ ನನ್ನ ಮಗನೂ ನೆಲ ನೋಡಿದೆವು.

ಒಣಗಿದ ಮೇಲೆ ಸುಣ್ಣ ಬಳಿದು, ಅರಿಶಿಣದಿಂದಲೂ ಬಟ್ಟೆಯ ನೀಲಿಯಿಂದಲೂ ಗೆರೆ ಎಳೆದೆವು. ಸುಣ್ಣಕ್ಕೆ ಅರಿಶಿಣ ತಾಗಿ ಕೆಂಪಾಯಿತು. ಒಂದು ಬಣ್ಣ ಪುಕ್ಕಟೆ ಸಿಕ್ಕಿತು. ಜೋಳದ ದಂಟಿನ ಒಣ ಎಲೆ, ರವದಿಯಿಂದ ಮಗ ಗೂಡು ಹೆಣೆದ.

ಮರುದಿನ ಬೆಳಿಗ್ಗೆ ಮಗು ಜಡೆ ಹಾಕಿಸಿಕೊಂಡು ಬಂದು ನೋಡಿದರೆ, ಆರೂ ತತ್ತಿಗಳು ದೇವರ ಜಗಲಿಯ ಮೇಲೆ ಕುಳಿತಿವೆ. ಒಂದೊಂದಕ್ಕೂ ಮೂರು ಗೆರೆ ವಿಭೂತಿ, ನೆತ್ತಿಯ ಮೇಲೆ ಕಣಗಿಲ ಹೂವು, ಮುಂದೆ ದೀಪ. ಮಣ್ಣಿನದು ಏನೇ ಮಾಡಿದರೂ ಮಿಂದು ಬಂದು ಪೂಜಿಸುವ ನನ್ನ ಹೆಂಡತಿಯ ಕೈ, ಇವನ್ನೂ ಬಿಟ್ಟಿರಲಿಲ್ಲ. ಪೂಜೆಯಾದ ಮಣ್ಣು ಬಾವಿಗೆ ಹೋಗಬೇಕು. ಪ್ರದರ್ಶನಕ್ಕೆ ಹೋಗುವ ಪದ್ಧತಿಯಿಲ್ಲ.

"ನಾ ಮತ್ತ ಚಾಪಿ ಮ್ಯಾಲೇ ಕೂಡಬೇಕೇನು?" ಎಂದು ಮೊಮ್ಮಗಳು ಅತ್ತಳು.

ಹೆಂಡತಿ ಆರನ್ನೂ ಒಂದೊಂದಾಗಿ ಎತ್ತಿ ಗೂಡಿನಲ್ಲಿಟ್ಟಳು. "ದೇವರನ್ನ ಒಬ್ಬಾಕಿ ಕೈಯಾಗ ಕಳಸಂಗಿಲ್ಲ. ನಾನೂ ಬರತೀನಿ, ನಡಿ."

ಶಾಲೆಯಲ್ಲಿ ಗೂಡನ್ನು ಮೇಜಿನ ಮೇಲಿಟ್ಟು ಪಕ್ಕದಲ್ಲೇ ನಿಂತಳು. ನೋಡಲು ಬಂದ ಸಿಸ್ಟರಿಗೆ, "ಚಪ್ಪಲಿ ಬಿಟ್ಟ ಬರ್ರೆವ್ವಾ, ಪೂಜಿ ಆಗ್ಯಾದ," ಎಂದಳು. ಜೊತೆಗೆ ಹೋಗಿದ್ದ ನಾನು ಗೋಡೆಯ ಮೇಲಿನ ನಕಾಶೆಯನ್ನು ಅಭ್ಯಾಸ ಮಾಡತೊಡಗಿದೆ. ಸಿಸ್ಟರು ಚಪ್ಪಲಿ ಬಿಟ್ಟು ಬಂದು, ಕೈಕಟ್ಟಿ ಬಗ್ಗಿ ನೋಡಿದರು. ಅವರ ಹಿಂದಿದ್ದ ಮಕ್ಕಳೆಲ್ಲ ಶೂ ಬಿಚ್ಚಲು ಕುಳಿತರು.

ಬಹುಮಾನ ಬೇರೆ ಯಾರಿಗೋ ಹೋಯಿತು. ಮುಟ್ಟಿ ನೋಡಲಾಗದ ವಸ್ತುವಿಗೆ ಅಂಕ ಕೊಡುವುದು ಕಷ್ಟ. ಮೊಮ್ಮಗಳಿಗೆ ಅತ್ತ ಲಕ್ಷ್ಯವಿರಲಿಲ್ಲ. ಅವಳ ಮೇಜಿನ ಮುಂದಿನ ಸಾಲು ಬಾಗಿಲ ತನಕ ಬೆಳೆದಿತ್ತು.

"ನೂಕಬ್ಯಾಡ್ರಿ, ಒಬ್ಬೊಬ್ರೇ ಬರ್ರಿ," ಎನ್ನುತ್ತಿದ್ದಳು. "ಸಾಕ್ಸ್ ಇದ್ರ ನಡೀತದ."